ಅರಸೀಕೆರೆ–ಬೇಲೂರು ದಾರಿ ಮತ್ತು ಹಳೆಯ ಕಾರಿನ ಕರೆಂಟು

ಬೆಂಗಳೂರು–ಹರಿಹರ ಮೀಟರ್‌ಗೇಜ್ ಹಳಿ 1889ರ ಹೊತ್ತಿಗೆ ಅರಸೀಕೆರೆಯನ್ನು ಹಾದು ಮುಂದೆ ಹೋಯಿತು. ಹಳೇಬೀಡು, ಬೇಲೂರುಗಳು ಮಾತ್ರ ಹಳಿಯಿಂದ ದೂರವೇ ಉಳಿದವು. ಹೊಯ್ಸಳ ಶಿಲ್ಪ ನೋಡಲು ಬಂದವರು ಅರಸೀಕೆರೆಯಲ್ಲೋ ಬಾಣಾವರದಲ್ಲೋ ಇಳಿದು, ಮೊದಮೊದಲು ಎತ್ತಿನ ಗಾಡಿ, ಆಮೇಲೆ ಮೋಟಾರು ಹಿಡಿಯಬೇಕಿತ್ತು. ಬಯಲುಸೀಮೆಯ ತೆಂಗಿನ ತೋಟದಿಂದ ಹೊರಟ ದಾರಿ ಮಲೆನಾಡಿನ ಸೆರಗು ಮುಟ್ಟಿ ನಿಲ್ಲುತ್ತದೆ. ಹಳೆಯ ಕಾರಿನ ವೈರಿಂಗಿಗೆ ಈ ಎರಡೂ ತುದಿ ಶತ್ರುಗಳೇ: ಒಂದು ಕಡೆ ಬಿಸಿಲು, ದೂಳು, ಇನ್ನೊಂದು ಕಡೆ ಮಳೆ, ಮಂಜು. ಕಾರಿನ ವಿದ್ಯುತ್ ಚರಿತ್ರೆಯನ್ನು ಹೊಸ ಹೊಸ ಭಾಗಗಳ ಚರಿತ್ರೆಯಾಗಿ ಬರೆಯುವುದು ರೂಢಿ. ಇಂಥ ದಾರಿಯಲ್ಲಿ ಕೆಟ್ಟು ನಿಂತ ಕಾರಿನ ದೋಷ ಹುಡುಕುವವನ ಕಡೆಯಿಂದ ನೋಡಿದರೆ ಅದು ಕಿವಿಯಿಂದ ಕಣ್ಣಿಗೆ ದಾಟಿದ ಕಥೆ. ಅಷ್ಟರ ನಡುವೆಯೂ ಕೆಡುತ್ತ ಬಂದದ್ದು ಹೆಚ್ಚಾಗಿ ಜಾಯಿಂಟು.

ಕಿವಿಯ ಕಾಲಕ್ಕೆ 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಸಾಕ್ಷಿ. ಫ್ಲೈವೀಲಿಗೆ ಕೂರಿಸಿದ 16 ಅಯಸ್ಕಾಂತಗಳೇ ಅದರ ಮ್ಯಾಗ್ನೆಟೊ. ನಾಲ್ಕು ಸಿಲಿಂಡರಿಗೆ ನಾಲ್ಕು ಕಾಯಿಲ್, ಎಲ್ಲವೂ ಒಂದು ಮರದ ಪೆಟ್ಟಿಗೆಯಲ್ಲಿ. ಪ್ರತಿ ಕಾಯಿಲಿನ ತಲೆಯ ಮೇಲೂ ಒಂದು ಲೋಹದ ಎಲೆ ದುಂಬಿಯ ಹಾಗೆ ಗುಂಯ್‌ಗುಡುತ್ತ ನಡುಗುತ್ತದೆ. ಎಂಜಿನ್ ಕುಂಟಿದರೆ ಮುಚ್ಚಳ ತೆಗೆದು ಒಂದೊಂದೇ ಎಲೆಯನ್ನು ಬೆರಳಿನಿಂದ ಒತ್ತಿ ಹಿಡಿಯುವುದು ಪದ್ಧತಿ. ಒತ್ತಿದಾಗ ಎಂಜಿನ್ ಇನ್ನಷ್ಟು ಕುಂಟಿದರೆ ಆ ಸಿಲಿಂಡರ್ ಸರಿಯಿದೆ. ಸದ್ದು ಬದಲಾಗದಿದ್ದರೆ ತೊಂದರೆ ಅಲ್ಲೇ. ಆಮೇಲೆ ಆ ಕಾಯಿಲನ್ನು ಪಕ್ಕದ ಮನೆಗೆ ಬದಲಾಯಿಸುವುದು. ದೋಷವೂ ಜೊತೆಗೇ ಹೋದರೆ ಕಾಯಿಲ್ ಕೆಟ್ಟಿದೆ, ಹೋಗದಿದ್ದರೆ ಪ್ಲಗ್ಗು, ವೈರು, ಟೈಮರ್ ನೋಡಬೇಕು. ಮೀಟರ್ ಇಲ್ಲ, ನಕ್ಷೆ ಇಲ್ಲ. ತರ್ಕ ಮಾತ್ರ ಪಕ್ಕಾ. ಮಲೆನಾಡಿನ ಮಳೆಗಾಲದಂಥ ಹವೆಯಲ್ಲಿ ಇನ್ನೊಂದು ಕಾಟವಿತ್ತು: ಪೆಟ್ಟಿಗೆಯ ಮರ ತೇವ ಕುಡಿದರೆ ಹೈಟೆನ್ಶನ್ ಕರೆಂಟು ಮರದೊಳಗೇ ಸೋರುತ್ತದೆ. ನಾಲ್ಕೂ ಕಾಯಿಲ್ ಸರಿಯಿದ್ದೂ ಕಾರು ಏಳದು. ಪೆಟ್ಟಿಗೆಯನ್ನು ಒಣಗಿಸುವುದೇ ಮದ್ದು.

1912ರ ಕ್ಯಾಡಿಲಾಕ್‌ನಲ್ಲಿ ಚಾರ್ಲ್ಸ್ ಕೆಟರಿಂಗ್ ಸೆಲ್ಫ್ ಸ್ಟಾರ್ಟರ್ ತಂದ ಮೇಲೆ ಬ್ಯಾಟರಿ, ಡೈನಮೋ, ಬ್ಯಾಟರಿಯ ಕರೆಂಟು ಡೈನಮೋಗೆ ಹಿಂದಕ್ಕೆ ಹರಿಯದಂತೆ ತಡೆಯುವ ಕಟೌಟ್ ಕಾರಿನ ಸಂಸಾರ ಸೇರಿದವು. ಇಲ್ಲಿಂದ ಕಣ್ಣಿನ ಕೆಲಸ. ಒಂದು ಸಣ್ಣ ಬಲ್ಬು, ಎರಡು ವೈರು: ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ತುದಿಗೂ ಅರ್ತಿಗೂ (ಎಂದರೆ ಚಾಸಿಗೂ) ಬಲ್ಬು ಜೋಡಿಸಿ ಹ್ಯಾಂಡಲ್ ತಿರುಗಿಸಿದರೆ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟ್ ಬಿಚ್ಚಿದಾಗ ಹತ್ತಬೇಕು, ಕೂಡಿದಾಗ ಆರಬೇಕು. ಆರದೆ ಉರಿಯುತ್ತಲೇ ಇದ್ದರೆ ಪಾಯಿಂಟ್ ಮುಟ್ಟುತ್ತಿಲ್ಲ, ಇಲ್ಲವೇ ಹೊಲಸಾಗಿದೆ.

ಆರು ವೋಲ್ಟಿನ ಕಾರುಗಳಲ್ಲಿ ಜಾಯಿಂಟಿನ ಮಹತ್ವ ಲೆಕ್ಕದಲ್ಲೇ ಕಾಣುತ್ತದೆ. 36 ವ್ಯಾಟ್ ಬಲ್ಬು 6 ವೋಲ್ಟಿನಲ್ಲಿ 6 ಆಂಪಿಯರ್ ಎಳೆಯುತ್ತದೆ, 12 ವೋಲ್ಟಿನಲ್ಲಿ 3. ತುಕ್ಕು ಹಿಡಿದ ಅರ್ತ್ ಬೋಲ್ಟು 0.1 ಓಮ್ ಅಡ್ಡಿ ಒಡ್ಡಿದರೆ ಮೊದಲನೆಯದರಲ್ಲಿ ವೋಲ್ಟೇಜಿನ ಹತ್ತನೆಯ ಒಂದು ಪಾಲು ಅಲ್ಲೇ ಖಾಲಿ. ಎರಡನೆಯದರಲ್ಲಿ ನಲವತ್ತನೆಯ ಒಂದು. ದೀಪ ಮಂಕಾಯಿತೆಂದು ಡೈನಮೋ ಬಿಚ್ಚಿ ಆರ್ಮೇಚರ್ ಸುತ್ತಿಸುವ ಮೊದಲು ಬೋಲ್ಟಿಗೆ ಸ್ಯಾಂಡ್‌ಪೇಪರ್ ತೋರಿಸುವುದು ಜಾಣತನ.

1951ರಲ್ಲಿ ಬೆಂಗಳೂರಿನಲ್ಲಿ ಮೈಕೊ, ಮುಂದಿನ ದಶಕದಲ್ಲಿ ಮದ್ರಾಸಿನಲ್ಲಿ ಲೂಕಸ್‌-ಟಿವಿಎಸ್ ಕಂಪನಿಗಳು ಬಂದು ವಿದ್ಯುತ್ ಬಿಡಿಭಾಗದ ಬರ ನೀಗಿತು. ಆದರೆ ಬ್ರಿಟಿಷ್ ಕಾರುಗಳು ಒಂದು ಗೊಂದಲ ಬಿಟ್ಟುಹೋದವು. 1960ರ ದಶಕದ ನಡುವಿನವರೆಗೂ ಅವುಗಳಲ್ಲಿ ಬಹುತೇಕಕ್ಕೆ ಪ್ಲಸ್ ತುದಿಯೇ ಅರ್ತ್. ಇಂದಿನ ಅಭ್ಯಾಸದಂತೆ ಮೈನಸ್ಸನ್ನು ಚಾಸಿಗೆ ಬಿಗಿದರೆ ಡೈನಮೋದ ಪೋಲಾರಿಟಿಯನ್ನೂ ತಿರುಗಿಸಬೇಕು, ಫೀಲ್ಡ್ ತುದಿಗೆ ಕ್ಷಣಮಾತ್ರ ಬ್ಯಾಟರಿ ಮುಟ್ಟಿಸಿ.

ಕೇಂದ್ರದ 2021ರ ನಿಯಮ 50 ವರ್ಷ ದಾಟಿದ ವಾಹನಕ್ಕೆ ವಿಎ ಅಕ್ಷರದ ವಿಂಟೇಜ್ ನೋಂದಣಿ ಕೊಡುತ್ತದೆ, ದಿನಬಳಕೆಗೆ ರಸ್ತೆಗಿಳಿಸಬಾರದು ಎಂಬ ಷರತ್ತಿನ ಮೇಲೆ. ಹೀಗೆ ಕಾರು ಹೆಚ್ಚಾಗಿ ನಿಂತೇ ಇರುವುದರಿಂದ ದೋಷದ ಜಾತಿಯೇ ಬದಲಾಗುತ್ತದೆ ಎಂಬುದನ್ನು ಸಂಗ್ರಹಕಾರರು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಓಡುವ ಕಾರಿನಲ್ಲಿ ಸವೆತ, ಬೆವರು, ಅದುರಾಟ. ನಿಂತ ಕಾರಿನಲ್ಲಿ ಬ್ಯಾಟರಿಯ ಪ್ಲೇಟು ಸಲ್ಫೇಟ್ ಹಿಡಿಯುತ್ತದೆ, ಪಾಯಿಂಟಿನ ಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ, ಬಟ್ಟೆ ಸುತ್ತಿದ ವೈರನ್ನು ಇಲಿ ಕಡಿಯುತ್ತದೆ.