ಕೃಷ್ಣೆಯ ದಾಟು: ಉಗಿದೋಣಿ, ಹರಿಗೋಲು, ಸೇತುವೆ

ಹತ್ತೊಂಬತ್ತನೆಯ ಶತಮಾನದ ಸಂಚಾರ ಚರಿತ್ರೆಯಲ್ಲಿ ಉಗಿದೋಣಿಗೆ ವಿಶಿಷ್ಟ ಸ್ಥಾನವಿದೆ. 1807ರಲ್ಲಿ ರಾಬರ್ಟ್ ಫುಲ್ಟನ್ನನ ದೋಣಿ ಹಡ್ಸನ್ ನದಿಯಲ್ಲಿ ನ್ಯೂಯಾರ್ಕಿನಿಂದ ಆಲ್ಬನಿಗೆ ಸಾಗಿತು. 1809ರಲ್ಲಿ ‘ವರ್ಮಾಂಟ್’ ಷಾಂಪ್ಲೇನ್ ಸರೋವರದಲ್ಲಿಯೂ 1823ರಲ್ಲಿ ‘ಗಿಯೋಮ್ ಟೆಲ್’ ಜಿನೀವಾ ಸರೋವರದಲ್ಲಿಯೂ ಪ್ರಯಾಣಿಕರನ್ನು ಹೊತ್ತವು. ಮರಾಠಿಯಲ್ಲಿ ಇಂಥ ನೌಕೆಗೆ ‘ಆಗಬೋಟ್’, ರೈಲಿಗೆ ‘ಆಗಗಾಡಿ’ ಎಂಬ ಹೆಸರುಗಳಾದವು. ಮುಂಬಯಿ-ಮಂಗಳೂರಿನ ಕರಾವಳಿಯಲ್ಲಿ ಆಗಬೋಟುಗಳು ಓಡಾಡಿದವು. ಜಮಖಂಡಿ, ರಬಕವಿ, ಬೀಳಗಿಗಳ ಜನ ಮಾತ್ರ ಕೃಷ್ಣೆಯನ್ನು ದೋಣಿ ಹರಿಗೋಲುಗಳಲ್ಲಿಯೇ ದಾಟಿದರು. ಇದನ್ನು ಹಿಂದುಳಿದಿರುವಿಕೆಯ ಲಕ್ಷಣವೆಂದು ಬಗೆಯುವುದು ಸರಿಯಲ್ಲ.

ಉಗಿದೋಣಿಗೆ ವರ್ಷವಿಡೀ ಒಂದೇ ಪ್ರಮಾಣದ ಆಳವೂ ಸ್ಥಿರವಾದ ದಡವೂ ಬೇಕು. ಸರೋವರ ಇವೆರಡನ್ನೂ ಒದಗಿಸುತ್ತದೆ. ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆಯಾದರೋ ಮುಂಗಾರಿನಲ್ಲಿ ದಡ ಮೀರಿ ಹರಿಯುವಳು, ಬೇಸಗೆಯಲ್ಲಿ ಮಡುವುಗಳಾಗಿ ಒಡೆಯುವಳು. ಇಂಥ ನದಿಗೆ ತಕ್ಕ ವಾಹನವೆಂದರೆ ಹರಿಗೋಲು. ಬಿದಿರಿನ ಹೆಣಿಗೆಯ ಮೇಲೆ ತೊಗಲು ಹೊದಿಸಿದ ಈ ದುಂಡು ದೋಣಿಯನ್ನು ತಲೆಯ ಮೇಲೆ ಹೊತ್ತು ನೀರಿರುವಲ್ಲಿಗೆ ಒಯ್ಯಬಹುದು. ಹದಿನಾರನೆಯ ಶತಮಾನದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯ ಮೇಲೆ ಇವನ್ನು ಕಂಡು, ಹದಿನೈದು ಇಪ್ಪತ್ತು ಜನರನ್ನು ಸಾಗಿಸಬಲ್ಲವೆಂದೂ, ಸಾಗುವಾಗ ಸದಾ ತಿರುಗುತ್ತಿರುತ್ತವೆಂದೂ ದಾಖಲಿಸಿದ್ದಾನೆ.

ನದಿಯ ಸ್ವಭಾವದೊಂದಿಗೆ ರಾಜಕೀಯ ಗಡಿಗಳನ್ನೂ ಗಮನಿಸಬೇಕು. ಜಮಖಂಡಿ, ಬನಹಟ್ಟಿಗಳು ಜಮಖಂಡಿಯ ಪಟವರ್ಧನರಿಗೆ, ತೇರದಾಳ, ರಬಕವಿಗಳು ಸಾಂಗ್ಲಿ ಸಂಸ್ಥಾನಕ್ಕೆ, ಘಟಪ್ರಭೆಯ ದಡದ ಮುಧೋಳ ಘೋರ್ಪಡೆಯವರಿಗೆ ಸೇರಿದ್ದವು. ಬೀಳಗಿ ಬ್ರಿಟಿಷರ ನೇರ ಆಡಳಿತದಲ್ಲಿತ್ತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಈ ಭಾಗಕ್ಕೆ ಉಗಿಯಂತ್ರವನ್ನು ತಂದಿತು. ಅದು ಕೃಷ್ಣೆಯನ್ನು ದಾಟಿದ್ದು ಎರಡು ಕಡೆಗಳಲ್ಲಿ: ಮೇಲ್ಗಡೆ ಉಗಾರ-ಕುಡಚಿಗಳ ನಡುವೆ, ಕೆಳಗಡೆ ಆಲಮಟ್ಟಿ-ಸೀತಿಮನಿಗಳ ನಡುವೆ. ನಡುವಣ ಹರವು ಅಂಬಿಗರ ಪಾಲಿಗೇ ಉಳಿಯಿತು. ರಬಕವಿ-ಬನಹಟ್ಟಿಗಳ ನೇಕಾರರಿಗೆ ಆಗಗಾಡಿ ಸಿಕ್ಕಿತು, ಅದೂ ಕುಡಚಿಯವರೆಗೆ ಚಕ್ಕಡಿ ಹೂಡಿದ ಮೇಲೆ.

ಕೃಷ್ಣೆ ಇಲ್ಲಿ ಸರೋವರವಾದದ್ದು ಉಗಿಯ ಯುಗ ಮುಗಿದ ಅನಂತರ. ಜಮಖಂಡಿಯ ಬಳಿಯ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ನಾಯಕತ್ವದಲ್ಲಿ ರೈತರು ತಾವೇ ಹಣ ಕೂಡಿಸಿ, ಮೈಮುರಿದು ದುಡಿದು ಕಟ್ಟಿದ ಬ್ಯಾರೇಜು 1989ರಲ್ಲಿ ಪೂರ್ಣಗೊಂಡಿತು. ಅದರ ಹೆಸರು ‘ಶ್ರಮಬಿಂದು ಸಾಗರ’. ಬಳಿಕ ಆಲಮಟ್ಟಿಯ ಹಿನ್ನೀರು ಬೀಳಗಿ ತಾಲೂಕಿನ ಹಳ್ಳಿಗಳನ್ನೂ ಹಳೆಯ ಬಾಗಲಕೋಟೆಯ ಭಾಗಗಳನ್ನೂ ಆವರಿಸಿತು. ಇಂದು ಕೊರ್ತಿ-ಕೊಲ್ಹಾರಗಳ ನಡುವಿನ ನೀಳ ಸೇತುವೆಯ ಮೇಲೆ ಬಸ್ಸುಗಳು ಕೆಲವೇ ನಿಮಿಷಗಳಲ್ಲಿ ನದಿ ದಾಟುತ್ತವೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದರಲ್ಲಿ ಪ್ರಸ್ತುತವಾದ ಒಂದು ಸಂಗತಿಯಿದೆ. ‘ತೀರ್ಥ’ವೆಂದರೆ ಮೂಲತಃ ನದಿಯನ್ನು ದಾಟುವ ಠಾವು, ಅದನ್ನು ನಿರ್ಮಿಸಿಕೊಡುವವನು ತೀರ್ಥಂಕರ. 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿದ ರನ್ನನ ಹುಟ್ಟೂರು ಮುದುವೊಳಲು, ಅಂದರೆ ಇಂದಿನ ಮುಧೋಳ. ಕೃಷ್ಣೆ-ಘಟಪ್ರಭೆಗಳ ನಡುವಣ ಈ ನಾಡಿನವರಿಗೆ ದಾಟುವ ಠಾವು ಬರಿಯ ಪಾರಿಭಾಷಿಕ ಪದವಾಗಿರಲಾರದು; ಮಳೆಗಾಲದಲ್ಲಿ ಅದು ಜೀವನ್ಮರಣದ ಪ್ರಶ್ನೆಯಾಗಿತ್ತು.

ಹಿನ್ನೀರಿನಡಿಯಲ್ಲಿ ಹೊಲಮನೆಗಳ ಜೊತೆಗೆ ಹಳೆಯ ದೋಣಿಗಟ್ಟೆಗಳೂ ಮುಳುಗಿವೆ. ಅವುಗಳ ಹೆಸರುಗಳು, ನೀರಿನ ಏರಿಳಿತವನ್ನೂ ಸೆಳವನ್ನೂ ಸೂಚಿಸುವ ಅಂಬಿಗರ ಮಾತುಗಳು ವೃದ್ಧರ ನೆನಪಿನಲ್ಲಿ ಮಾತ್ರ ಇವೆ. ಶಾಸನದ ಪಾಠವನ್ನು ಸಂಪಾದಿಸುವಷ್ಟೇ ಶ್ರದ್ಧೆಯಿಂದ ಈ ಶಬ್ದಗಳನ್ನು ಊರೂರು ತಿರುಗಿ ಸಂಗ್ರಹಿಸುವ ಕೆಲಸ ಈಗಲೇ ಆಗಬೇಕಾಗಿದೆ.