ಲಕೋಟೆಯಲ್ಲಿ ಬಂದ ಸಾವು

ಜೈವಿಕ ಭಯೋತ್ಪಾದನೆ ಅಂದ ತಕ್ಷಣ ನಮ್ಮ ಗ್ರಾಫಿಕ್ಸ್ ಟೀಮ್ ಸ್ಕ್ರೀನ್ ಮೇಲೆ ಏನು ತರುತ್ತೆ ಗೊತ್ತಾ? ಮಾಸ್ಕ್ ಹಾಕಿದ ಕಮಾಂಡೋಗಳು, ಮೇಲೊಂದು ಹೆಲಿಕಾಪ್ಟರ್. ನಾನೂ ಆ ಚಿತ್ರದ ಮುಂದೆ ನಿಂತು ಮಾತಾಡಿದ್ದೇನೆ. ಅಮೆರಿಕದ 2001ರ ಕಥೆ ಓದಿದ ಮೇಲೆ ಅದು ತಪ್ಪು ಅನ್ನಿಸಿತು.

ಸೆಪ್ಟೆಂಬರ್ 11ರ ದಾಳಿಯಾಗಿ ಮೂರು ವಾರ ಕಳೆದಿತ್ತು. ಅಕ್ಟೋಬರ್ 2ರ ನಸುಕಿನಲ್ಲಿ ಫ್ಲಾರಿಡಾದ ಆಸ್ಪತ್ರೆಗೆ 63 ವರ್ಷದ ಫೋಟೋ ಎಡಿಟರ್ ಒಬ್ಬರನ್ನು ಕರೆತಂದರು. ಜ್ವರ, ಮಾತಿನಲ್ಲಿ ಗೊಂದಲ. ಬೆನ್ನುಹುರಿಯ ದ್ರವ ತೆಗೆದು ಮೈಕ್ರೋಸ್ಕೋಪ್‌ನಲ್ಲಿ ನೋಡಿದ ಡಾ. ಲ್ಯಾರಿ ಬುಷ್‌ಗೆ ಕಂಡಿದ್ದು ಕಡ್ಡಿಯಾಕಾರದ ಬ್ಯಾಕ್ಟೀರಿಯಾ. ಅವರಿಗೆ ಬಂದ ಅನುಮಾನ ಆಂಥ್ರಾಕ್ಸ್. ನಮ್ಮ ರೈತರು ನೆರಡಿ ರೋಗ ಅನ್ನುತ್ತಾರಲ್ಲ, ದನ ಕುರಿಗಳಿಗೆ ಬರುವ ಕಾಯಿಲೆ, ಅದೇ!

ಸ್ಯಾಂಪಲ್ ಜ್ಯಾಕ್ಸನ್‌ವಿಲ್‌ನ ಸರ್ಕಾರಿ ಲ್ಯಾಬ್‌ಗೆ ಹೋಯಿತು. ಇಂಥ ದಿನಕ್ಕೆಂದೇ 1999ರಲ್ಲಿ ಅಮೆರಿಕ ಲ್ಯಾಬ್‌ಗಳ ಜಾಲ ಕಟ್ಟಿ, ಸಿಬ್ಬಂದಿಗೆ ತರಬೇತಿ ಕೊಟ್ಟಿತ್ತು. ಅಕ್ಟೋಬರ್ 4ಕ್ಕೆ ದೇಶಕ್ಕೆ ವಿಷಯ ಗೊತ್ತಾಯಿತು. ರೋಗಿ ಮರುದಿನ ತೀರಿಕೊಂಡರು. ಆದರೆ ಉಳಿದ ವೈದ್ಯರೆಲ್ಲ ಎಚ್ಚೆತ್ತರು.

ಕಥೆ ಇಲ್ಲಿಗೆ ಮುಗಿಯಲ್ಲ. ಅಕ್ಟೋಬರ್ 15ರಂದು ವಾಷಿಂಗ್ಟನ್‌ನಲ್ಲಿ ಸೆನೆಟರ್ ಟಾಮ್ ಡ್ಯಾಶಲ್ ಕಚೇರಿಯಲ್ಲಿ ಲಕೋಟೆಯೊಂದನ್ನು ತೆರೆದರು. ಒಳಗೆ ಆಂಥ್ರಾಕ್ಸ್ ಪುಡಿ. ಅಲ್ಲಿದ್ದ ಸಿಬ್ಬಂದಿಗೆ ಅವತ್ತೇ ಆಂಟಿಬಯಾಟಿಕ್ ಸಿಕ್ಕಿತು. ಆ ಪತ್ರ ಹಾದು ಬಂದ ಬ್ರೆಂಟ್‌ವುಡ್ ಅಂಚೆ ಕೇಂದ್ರದಲ್ಲಿ ಮಾತ್ರ ಅಕ್ಟೋಬರ್ 21ರವರೆಗೂ ಕೆಲಸ ನಡೆದೇ ಇತ್ತು. ಯಾಕೆ? ಅಂಟಿಸಿದ ಲಕೋಟೆಯಿಂದ ಪುಡಿ ಹೊರಬರಲ್ಲ ಅಂತ ಅಧಿಕಾರಿಗಳು ನಂಬಿದ್ದರು.

ನಾನು ಎಂಜಿನಿಯರಿಂಗ್ ಓದಿದವನು. ಇಲ್ಲಿ ನನಗೆ ಹೊಟ್ಟೆ ಉರಿಯುತ್ತೆ. ಆ ಕಣಗಳ ಗಾತ್ರ ಕೆಲವೇ ಮೈಕ್ರಾನ್. ಕಾಗದದ ರಂಧ್ರ ಅದಕ್ಕಿಂತ ದೊಡ್ಡದು. ವಿಂಗಡಿಸುವ ಯಂತ್ರ ಪತ್ರಗಳನ್ನು ಒತ್ತಿ ಹಿಂಡುತ್ತೆ. ಆ ಯಂತ್ರದ ಧೂಳು ಬಿಡಿಸುತ್ತಿದ್ದದ್ದು ರಭಸದ ಗಾಳಿ ಊದಿ!

ಅಲ್ಲಿನ ನಾಲ್ವರು ನೌಕರರ ಶ್ವಾಸಕೋಶಕ್ಕೆ ರೋಗ ಹೊಕ್ಕಿತು. ಇಬ್ಬರನ್ನು ಅನುಮಾನಪಟ್ಟು ದಾಖಲಿಸಿಕೊಂಡ ವೈದ್ಯರು ಬೇಗ ಚಿಕಿತ್ಸೆ ಶುರು ಮಾಡಿದರು, ಅವರು ಬದುಕಿದರು. ಇನ್ನಿಬ್ಬರು ಸತ್ತರು. ಸತ್ತವರಲ್ಲಿ ಒಬ್ಬರು ಹಿಂದಿನ ದಿನವಷ್ಟೇ ಆಸ್ಪತ್ರೆಗೆ ಹೋಗಿದ್ದರು. ಅವರನ್ನು ವಾಪಸ್ ಮನೆಗೆ ಕಳಿಸಿದ್ದರು.

ಒಟ್ಟು 22 ಜನರಿಗೆ ರೋಗ, 5 ಸಾವು. ಎಫ್‌ಬಿಐ ಕೊನೆಗೆ ಬೆರಳು ತೋರಿಸಿದ್ದು ಅಮೆರಿಕ ಸೇನೆಯದೇ ಲ್ಯಾಬ್‌ನ ವಿಜ್ಞಾನಿಯ ಕಡೆಗೆ. 2008ರಲ್ಲಿ ಆತ ಆತ್ಮಹತ್ಯೆ ಮಾಡಿಕೊಂಡ. ವಿಚಾರಣೆ ನಡೆಯಲೇ ಇಲ್ಲ.

ನೋಡಿ, ಅಪರಾಧಿಯನ್ನು ಹುಡುಕೋದಕ್ಕೆ ಏಳು ವರ್ಷ ಹಿಡಿಯಿತು. ರೋಗ ಗುರುತಿಸೋದಕ್ಕೆ ಎರಡೇ ದಿನ. ಜೀವ ಉಳಿಸಿದ್ದು ಆ ಎರಡು ದಿನ. ಅದರ ಹಿಂದೆ ಇದ್ದದ್ದು ಒಂದು ಮೈಕ್ರೋಸ್ಕೋಪ್, ತರಬೇತಾದ ಟೆಕ್ನಿಷಿಯನ್, ಅನುಮಾನ ಬಂದಾಗ ಸುಮ್ಮನಿರದ ಒಬ್ಬ ವೈದ್ಯ. ಆ ಎಚ್ಚರ ಸೆನೆಟ್ ಕಚೇರಿಗೆ ತಲುಪಿದಷ್ಟೇ ಬೇಗ ಅಂಚೆ ನೌಕರರಿಗೂ ತಲುಪಬೇಕಿತ್ತು.

ಬ್ರೆಂಟ್‌ವುಡ್ ಕೇಂದ್ರಕ್ಕೆ ಈಗ ತೀರಿಕೊಂಡ ಆ ಇಬ್ಬರದೇ ಹೆಸರು. ಹೆಸರಿಡುವುದಕ್ಕಿಂತ ಮೊದಲು ಅವರಿಗೆ ಬೇಕಾಗಿದ್ದದ್ದು ಮಾತ್ರೆ.