ಹಿಮವನ್ನು ಹೊತ್ತು ತಂದವರು

ಆಲ್ಪ್ಸ್ ಪರ್ವತಗಳ ನಡುವೆ, ಆಸ್ಟ್ರಿಯಾ ದೇಶದ ಟಿರೋಲ್ ಪ್ರಾಂತದಲ್ಲಿ, ಇನ್ ಎಂಬ ನದಿಯ ದಡದ ಮೇಲೆ ಇನ್ಸ್‌ಬ್ರುಕ್ ಪಟ್ಟಣವಿದೆ. ಇನ್ ನದಿಯ ಸೇತುವೆ ಎಂಬುದೇ ಆ ಹೆಸರಿನ ಅರ್ಥ. ಸಮುದ್ರಮಟ್ಟದಿಂದ ಊರಿನ ಎತ್ತರ ಸುಮಾರು ೫೭೪ ಮೀಟರು ಮಾತ್ರ; ಆದರೆ ಅದರ ಬೀದಿಯಲ್ಲಿ ನಿಂತು ಕತ್ತೆತ್ತಿದರೆ ಉತ್ತರಕ್ಕೆ ಎರಡು ಸಾವಿರ ಮೀಟರಿಗೂ ಮಿಕ್ಕಿದ ಶಿಖರಗಳ ಸಾಲು ಗೋಡೆಯಂತೆ ಎದ್ದು ನಿಂತಿದೆ. ದಕ್ಷಿಣಕ್ಕೆ ಬೆರ್ಗೀಸೆಲ್ ಎಂಬ ಗುಡ್ಡ. ೧೮೦೯ರಲ್ಲಿ ಆಂಡ್ರಿಯಾಸ್ ಹೋಫರನ ಮುಂದಾಳುತನದಲ್ಲಿ ಟಿರೋಲಿನ ರೈತರು ನೆಪೋಲಿಯನ್ ಪಕ್ಷದ ಸೇನೆಗಳೊಡನೆ ಕಾದಾಡಿದ್ದು ಈ ಗುಡ್ಡದ ಮೇಲೆಯೇ. ಅದಾದ ಒಂದೂವರೆ ಶತಮಾನದ ಬಳಿಕ ಅದೇ ಸೀಮೆಯಲ್ಲಿ ಸೈನಿಕರು ಮತ್ತೊಮ್ಮೆ ಬೆಟ್ಟವನ್ನೇರಬೇಕಾಯಿತು. ಈ ಸಲ ಅವರ ಕೈಯಲ್ಲಿದ್ದುದು ಹಿಮವನ್ನು ಅಗೆಯುವ ಸಲಕರಣೆ.

ಚಳಿಗಾಲದ ಒಲಿಂಪಿಕ್ ಕ್ರೀಡೆಗಳನ್ನು ತನ್ನಲ್ಲಿ ನಡೆಸಬೇಕೆಂಬುದು ಈ ಪಟ್ಟಣದ ಬಹುಕಾಲದ ಹಂಬಲವಾಗಿತ್ತು. ೧೯೬೦ರ ಕ್ರೀಡೆಗಳಿಗಾಗಿ ೧೯೫೫ರಲ್ಲಿ ಪ್ಯಾರಿಸಿನಲ್ಲಿ ಮತ ಹಾಕಿದಾಗ ಅಮೆರಿಕದ ಸ್ಕ್ವಾ ವ್ಯಾಲಿಗೆ ೩೨, ಇನ್ಸ್‌ಬ್ರುಕ್ಕಿಗೆ ೩೦ ಮತಗಳು ಬಂದುವು. ಎರಡೇ ಮತಗಳ ಸೋಲು. ಛಲ ಬಿಡದ ಊರಿನವರು ನಾಲ್ಕು ವರ್ಷಗಳ ಅನಂತರ ಮತ್ತೆ ಕೇಳಿಕೊಂಡರು. ೧೯೫೯ರಲ್ಲಿ ಮ್ಯೂನಿಕ್‌ನಲ್ಲಿ ೧೯೬೪ರ ಕ್ರೀಡೆಗಳು ಇವರ ಪಾಲಿಗೆ ಬಂದುವು. ಬೆರ್ಗೀಸೆಲ್‌ನಲ್ಲಿ ಸ್ಕೀ ನೆಗೆತ, ಪಾಚರ್‌ಕೋಫೆಲ್ ಬೆಟ್ಟದಲ್ಲಿ ಗಂಡಸರ ಇಳಿಜಾರು ಓಟ, ಇಗ್ಲ್ಸ್ ಗ್ರಾಮದಲ್ಲಿ ಜಾರುಬಂಡಿಗಳ ಪಂದ್ಯ, ಸೀಫೆಲ್ಡ್‌ನಲ್ಲಿ ದೂರದ ಸ್ಕೀ ಓಟ ಎಂದು ಎಲ್ಲವೂ ನಿಶ್ಚಯವಾಯಿತು. ಮನುಷ್ಯನಿಂದ ಆಗಬಹುದಾದುದೆಲ್ಲ ಆಯಿತು. ಇನ್ನು ಹಿಮ ಬೀಳಬೇಕಾಗಿತ್ತು, ಅಷ್ಟೆ.

ಇನ್ಸ್‌ಬ್ರುಕ್ಕಿನ ಹವೆಯನ್ನು ಬಲ್ಲವರಿಗೆ ಅದು ನೆಚ್ಚಿಕೊಳ್ಳತಕ್ಕ ಹವೆಯಲ್ಲವೆಂಬುದು ಗೊತ್ತು. ಇಟಲಿಯ ಕಡೆಯಿಂದ ಬರುವ ತೇವದ ಗಾಳಿ ಆಲ್ಪ್ಸ್ ಪರ್ವತವನ್ನೇರುವಾಗ ತನ್ನ ನೀರನ್ನೆಲ್ಲ ಆ ಮಗ್ಗುಲಿನಲ್ಲಿಯೇ ಸುರಿದುಬಿಡುತ್ತದೆ. ಏರುವಾಗ ನೂರು ಮೀಟರಿಗೆ ಸುಮಾರು ಅರ್ಧ ಡಿಗ್ರಿಯಂತೆ ತಣಿಯುವ ಆ ಗಾಳಿ, ಒಣಗಿದ ಮೇಲೆ ಈಚೆಗೆ ಇಳಿಯುವಾಗ ನೂರು ಮೀಟರಿಗೆ ಒಂದು ಡಿಗ್ರಿಯಂತೆ ಕಾಯುತ್ತದೆ. ಹತ್ತಿದಾಗ ಕಳೆದುಕೊಂಡುದಕ್ಕಿಂತ ಇಳಿದಾಗ ಗಳಿಸಿಕೊಂಡ ಬಿಸಿಯೇ ಹೆಚ್ಚು. ಬ್ರೆನ್ನರ್ ಕಣಿವೆಯ ದಾರಿಯಾಗಿ ಇಳಿದು ಬಂದು ನೇರವಾಗಿ ಇನ್ಸ್‌ಬ್ರುಕ್ಕಿನ ಮೇಲೆ ಬೀಸುವ ಈ ಗಾಳಿಗೆ ಅಲ್ಲಿಯವರು ಫ್ಯೋನ್ ಎನ್ನುತ್ತಾರೆ. ಸಹ್ಯಾದ್ರಿಯ ಮಳೆನೆರಳನ್ನು ಕುರಿತು ನಾವು ಮಕ್ಕಳಿಗೆ ಹೇಳುವ ಪಾಠವೇ ಇದು. ಅಲ್ಲಿ ಮಳೆಯ ಜೊತೆಗೆ ಹಿಮದ ಲೆಕ್ಕವೂ ಸೇರಿದೆ, ಅಷ್ಟೇ ಭೇದ. ನಡುಚಳಿಗಾಲದಲ್ಲಿಯೂ ಫ್ಯೋನ್ ಬೀಸಿತೆಂದರೆ ಕೆಲವು ಗಂಟೆಗಳಲ್ಲಿ ಬಿಸಿಲುಗಾಲ ಬಂದಂತಾಗುತ್ತದೆ.

ಈ ಗಾಳಿ ಒಲಿಂಪಿಕ್ ಕ್ರೀಡೆಗಳನ್ನು ಕೆಡಿಸಿದ ನಿದರ್ಶನ ಹಿಂದೆಯೇ ಇತ್ತು. ೧೯೨೮ರಲ್ಲಿ ಸ್ವಿಟ್ಜರ್ಲೆಂಡಿನ ಸಾಂಕ್ಟ್ ಮೊರಿಟ್ಸ್‌ನಲ್ಲಿ ೫೦ ಕಿಲೋಮೀಟರ್ ಸ್ಕೀ ಓಟ ಆರಂಭವಾದಾಗ ಉಷ್ಣತೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿತ್ತು. ಓಟದ ನಡುವೆ ಅದು ೨೫ ಡಿಗ್ರಿಯವರೆಗೆ ಏರಿತು. ಗೆದ್ದವನಾದ ಸ್ವೀಡನ್ನಿನ ಹೆಡ್ಲುಂಡ್‌ಗೆ, ನಾಲ್ಕು ವರ್ಷಗಳ ಹಿಂದಿನ ವಿಜೇತನಿಗಿಂತ ಒಂದು ಗಂಟೆಗೂ ಹೆಚ್ಚು ಕಾಲ ಹಿಡಿಯಿತು. ಅದೇ ಊರಿನಲ್ಲಿ ೧೦,೦೦೦ ಮೀಟರ್ ಸ್ಕೇಟಿಂಗ್ ಪಂದ್ಯ ನಡೆಯುತ್ತಿದ್ದಾಗಲೇ ಮಂಜುಗಡ್ಡೆ ಕರಗಿ, ಪಂದ್ಯವನ್ನು ಅರ್ಧದಲ್ಲಿಯೇ ರದ್ದು ಮಾಡಬೇಕಾಯಿತು.

ಆದರೆ ಫ್ಯೋನ್ ಕರಗಿಸುವುದು ಬಿದ್ದ ಹಿಮವನ್ನು. ಬೀಳದ ಹಿಮಕ್ಕೆ ಅದನ್ನು ದೂರುವಂತಿಲ್ಲ. ೧೯೬೩–೬೪ರ ಚಳಿಗಾಲದಲ್ಲಿ ಇನ್ಸ್‌ಬ್ರುಕ್ಕಿನಲ್ಲಿ ಹಿಮವೇ ಸರಿಯಾಗಿ ಬೀಳಲಿಲ್ಲ. ಆ ಸಲದ ಫೆಬ್ರವರಿ, ಅದರ ಹಿಂದಿನ ೫೮ ವರ್ಷಗಳಲ್ಲಿಯೇ ಅತ್ಯಂತ ಬೆಚ್ಚಗಿನದೆಂದು ದಾಖಲಾಗಿದೆ. ಜಗತ್ತಿನ ೩೬ ದೇಶಗಳಿಂದ ಸಾವಿರಕ್ಕೂ ಮಿಕ್ಕಿ ಆಟಗಾರರು ಬರುವವರಿದ್ದರು. ಮದುವೆಗೆ ನೆಂಟರೆಲ್ಲ ಬಂದಿಳಿದ ಮೇಲೆ ಅಕ್ಕಿಯಿಲ್ಲವೆಂದು ಗೊತ್ತಾದ ಮನೆಯ ಯಜಮಾನನ ಪಾಡು ಊರಿನದಾಯಿತು.

ಆಗ ಆಸ್ಟ್ರಿಯಾ ಸರಕಾರ ಸೈನ್ಯವನ್ನು ಕರೆಯಿಸಿತು. ಸೈನಿಕರು ಮೇಲಿನ ಬೆಟ್ಟಗಳಿಂದ ಮಂಜುಗಡ್ಡೆಯನ್ನು ಇಟ್ಟಿಗೆಗಳಂತೆ ಕಡಿದು, ಅಂಥ ೨೦,೦೦೦ ಗಡ್ಡೆಗಳನ್ನು ಇಗ್ಲ್ಸ್‌ನ ಜಾರುದಾರಿಗಳಿಗೆ ಸಾಗಿಸಿದರು. ಸ್ಕೀ ಇಳಿಜಾರುಗಳಿಗೆ ೪೦,೦೦೦ ಘನಮೀಟರ್ ಹಿಮವನ್ನು ತಂದು ಹರಡಿದರು. ಅಂಕೆ ಓದಿದರೆ ಅದರ ಭಾರ ತಿಳಿಯದು. ನೂರು ಮೀಟರ್ ಉದ್ದ, ನೂರು ಮೀಟರ್ ಅಗಲದ ಬಯಲಿನಲ್ಲಿ ಅಷ್ಟು ಹಿಮವನ್ನು ತುಂಬಿದರೆ ನಾಲ್ಕು ಮೀಟರ್ ಎತ್ತರಕ್ಕೆ ಬರುತ್ತದೆ. ಇಬ್ಬರು ಆಳುಗಳು ಒಬ್ಬನ ಹೆಗಲ ಮೇಲೊಬ್ಬ ನಿಂತರೂ ಮುಳುಗಿಹೋದಾರು. ಅದು ಸಾಲದೆ ಮತ್ತೆ ೨೦,೦೦೦ ಘನಮೀಟರ್ ಹಿಮವನ್ನು ಕಾಪಿಟ್ಟುಕೊಂಡರು. ಕ್ರೀಡೆಗಳಿಗೆ ಹತ್ತು ದಿನಗಳಿವೆ ಎನ್ನುವಾಗ ಮಳೆ ಬಂದು, ಹಾಕಿದ ಹಿಮವೂ ಹಾಳಾಯಿತು. ಸೈನಿಕರು ಮತ್ತೆ ಬಂದು, ಇಳಿಜಾರುಗಳನ್ನು ಕೈಯಿಂದ ಬಡಿದು ಕಾಲಿನಿಂದ ತುಳಿದು ಗಟ್ಟಿಮಾಡಿದರು. ಅವರಲ್ಲಿ ಒಬ್ಬನ ಹೆಸರೂ ಪದಕಗಳ ಪಟ್ಟಿಯಲ್ಲಿಲ್ಲ, ಇರುವುದಕ್ಕೂ ಆಸ್ಪದವಿಲ್ಲ. ಆದರೂ ಆ ಉತ್ಸವದ ಮೊದಲ ಸ್ಪರ್ಧೆಯನ್ನು ಗೆದ್ದವರು ಅವರೇ ಎಂದು ನನಗೆ ತೋರುತ್ತದೆ.

ಕ್ರೀಡೆಗಳು ಆರಂಭವಾಗುವ ಮೊದಲೇ ಇಬ್ಬರು ಸತ್ತರು. ಚಿಕ್ಕ ಜಾರುಬಂಡಿಯ ಮೇಲೆ ಅಂಗಾತ ಮಲಗಿ ಇಳಿಯುವ ಲ್ಯೂಜ್ ಎಂಬ ಆಟವನ್ನು ಆ ವರ್ಷವೇ ಮೊದಲ ಬಾರಿಗೆ ಒಲಿಂಪಿಕ್ ಪಂದ್ಯಗಳಲ್ಲಿ ಸೇರಿಸಿದ್ದರು. ಅದರ ಅಭ್ಯಾಸದಲ್ಲಿ ಬ್ರಿಟನ್ ತಂಡದ, ಪೋಲೆಂಡ್ ಮೂಲದ ಕೇ-ಸ್ಕ್ರಿಪೆಸ್ಕಿ ಅಪಘಾತಕ್ಕೀಡಾಗಿ ಪ್ರಾಣಬಿಟ್ಟ. ಜನವರಿ ೨೫ರಂದು ಪಾಚರ್‌ಕೋಫೆಲ್‌ನ ಇಳಿಜಾರಿನಲ್ಲಿ ಅಭ್ಯಾಸ ಮಾಡುತ್ತಿದ್ದ ಆಸ್ಟ್ರೇಲಿಯಾದ ರಾಸ್ ಮಿಲ್ನ್ ಎಂಬ ತರುಣ ದಾರಿಯಿಂದ ಹೊರಕ್ಕೆ ಹಾರಿ ಮರಕ್ಕೆ ಬಡಿದು ಸತ್ತ. ಅವನಿಗೆ ೧೯ ವರ್ಷ. ಹುಡುಗನಿಗೆ ಅನುಭವ ಸಾಲದಾಗಿತ್ತೆಂಬ ಮಾತು ಹೊರಟಿತು. ಅವನ ತಂಡದವರು ಇದನ್ನು ಒಪ್ಪಲಿಲ್ಲ. ದಾರಿಯಲ್ಲಿ ಜನರು ಗುಂಪುಗೂಡಿದ್ದರು, ಅವನು ವೇಗವನ್ನು ತಗ್ಗಿಸಲು ನೋಡಿದ ಜಾಗ ನಿಲ್ಲುವುದಕ್ಕಾಗಲಿ ತಿರುಗುವುದಕ್ಕಾಗಲಿ ಅಣಿಯಾಗಿರಲಿಲ್ಲ ಎಂದರು. ಹೊತ್ತು ತಂದ ಹಿಮ ದಾರಿಯನ್ನು ಮುಚ್ಚೀತು. ದಾರಿಯ ಆಚೀಚೆಯ ಕಲ್ಲನ್ನೂ ಮರದ ಬೊಡ್ಡೆಯನ್ನೂ ಮುಚ್ಚುವಷ್ಟು ಹಿಮವನ್ನು ಆಕಾಶವೇ ಕೊಡಬೇಕು. ಸತ್ತವನ ಮೇಲೆ ತಪ್ಪು ಹೊರಿಸುವುದು ಎಲ್ಲ ಕಾಲಕ್ಕೂ ಸುಲಭವಾದ ತೀರ್ಮಾನ.

ಜನವರಿ ೨೯ರಂದು ಬೆರ್ಗೀಸೆಲ್‌ನಲ್ಲಿ ಜ್ಯೋತಿ ಬೆಳಗಿತು. ಫೆಬ್ರವರಿ ೯ರವರೆಗೆ ಕ್ರೀಡೆಗಳು ನಡೆದುವು. ನೋಡಲು ಬಂದವರ ಸಂಖ್ಯೆ ಹತ್ತು ಲಕ್ಷವನ್ನು ಮೀರಿತು. ರಷ್ಯದ ಲಿಡಿಯಾ ಸ್ಕೊಬ್ಲಿಕೋವಾ ಸ್ಕೇಟಿಂಗ್‌ನಲ್ಲಿ ನಾಲ್ಕು ಚಿನ್ನದ ಪದಕಗಳನ್ನು ಗಳಿಸಿದಳು. ಮಿಲ್ನ್ ಸತ್ತ ಇಳಿಜಾರಿನಲ್ಲಿಯೇ ಆಸ್ಟ್ರಿಯಾದ ಎಗೊನ್ ಸಿಮ್ಮರ್‌ಮನ್ ಗೆದ್ದ. ಅದೇ ಓಟದಲ್ಲಿ ಭಾರತದ ಹೆಸರಿನಲ್ಲಿಯೂ ಒಬ್ಬನಿದ್ದನೆಂಬುದನ್ನು ನಮ್ಮಲ್ಲಿ ಬಲ್ಲವರು ಕಡಮೆ. ಜೆರೆಮಿ ಬುಜಾಕೋವ್ಸ್ಕಿ ಎಂಬ ಪೋಲಿಷ್ ಮೂಲದ ಆ ತರುಣನೇ ಚಳಿಗಾಲದ ಒಲಿಂಪಿಕ್‌ನಲ್ಲಿ ನಮ್ಮ ದೇಶದ ಮೊದಲ ಪ್ರತಿನಿಧಿ. ಅವನು ಓಟವನ್ನು ಮುಗಿಸಲಾಗಲಿಲ್ಲ. ೧೯೬೮ರಲ್ಲಿ ಮತ್ತೆ ಭಾರತದ ಪರವಾಗಿಯೇ ಗ್ರೆನೋಬ್ಲ್‌ಗೆ ಹೋದ.

ಇನ್ಸ್‌ಬ್ರುಕ್ ಕಲಿತುಕೊಂಡುದೂ ಉಂಟು. ಅಮೆರಿಕದ ಡೆನ್ವರ್ ನಗರ ಹಿಂಜರಿದುದರಿಂದ ೧೯೭೬ರ ಕ್ರೀಡೆಗಳು ಮರಳಿ ಈ ಊರಿಗೇ ಬಂದಾಗ, ಇಗ್ಲ್ಸ್‌ನಲ್ಲಿ ಮಂಜುಗಡ್ಡೆಯ ಇಟ್ಟಿಗೆಗಳನ್ನು ಜೋಡಿಸುವ ಪ್ರಮೇಯವಿರಲಿಲ್ಲ. ಯಂತ್ರದಿಂದ ತಣಿಸುವ ಕಾಂಕ್ರೀಟಿನ ಜಾರುದಾರಿಯನ್ನು ಅಷ್ಟರಲ್ಲಿ ಕಟ್ಟಿದ್ದರು. ೧೯೮೦ರಲ್ಲಿ ಲೇಕ್ ಪ್ಲಾಸಿಡ್‌ನಲ್ಲಿ ಯಂತ್ರದಿಂದ ಮಾಡಿದ ಹಿಮ ಮೊದಲ ಸಲ ಒಲಿಂಪಿಕ್‌ನಲ್ಲಿ ಬಳಕೆಗೆ ಬಂತು. ೨೦೨೨ರ ಬೀಜಿಂಗ್ ಕ್ರೀಡೆಗಳ ಹೊತ್ತಿಗೆ ಬಹುಮಟ್ಟಿಗೆ ಎಲ್ಲ ಹಿಮವೂ ಯಂತ್ರದ್ದೇ ಆಯಿತು. ಈ ನಡುವೆ ಆಲ್ಪ್ಸ್ ಸೀಮೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದೀಚೆಗೆ ಸುಮಾರು ಎರಡು ಡಿಗ್ರಿಯಷ್ಟು ಕಾದಿದೆ. ೧೯೬೪ರಲ್ಲಿ ಅಪೂರ್ವವೆನಿಸಿದ್ದ ಬೆಚ್ಚಗಿನ ಚಳಿಗಾಲ ಈಗ ಯಾರನ್ನೂ ಬೆರಗುಗೊಳಿಸುವುದಿಲ್ಲ.

೨೦೨೬ರ ಕ್ರೀಡೆಗಳನ್ನು ಕೇಳಿಕೊಳ್ಳಬೇಕೆ ಎಂದು ೨೦೧೭ರ ಅಕ್ಟೋಬರಿನಲ್ಲಿ ಟಿರೋಲಿನ ಜನರ ಮತ ಕೇಳಿದರು. ನೂರಕ್ಕೆ ೫೩ ಮಂದಿ ಬೇಡವೆಂದರು. ಒಮ್ಮೆ ಎರಡೇ ಮತಗಳಿಂದ ಸೋತು ಕೊರಗಿದ್ದ ಇನ್ಸ್‌ಬ್ರುಕ್ ಪಟ್ಟಣದಲ್ಲಿ ಬೇಡವೆಂದವರು ಇನ್ನೂ ಹೆಚ್ಚು, ಮೂವರಲ್ಲಿ ಸುಮಾರು ಇಬ್ಬರು.